ಮೇಣ ಕರಗಿಸಿದ ಆಷಾಢ

ಜೇನುಮೇಣದ ವಾಸನೆ ಹಿತವಾಗಿರುತ್ತದೆ ಎನ್ನುವವರಿದ್ದಾರೆ. ನನಗೂ ಒಂದು ಕಾಲಕ್ಕೆ ಹಾಗೇ ಅನ್ನಿಸುತ್ತಿತ್ತು. ಈಗ ಎಲ್ಲಾದರೂ ಆ ವಾಸನೆ ಬಂದರೆ ಮೊದಲು ಒಲೆ ಎಲ್ಲಿದೆ ಎಂದು ನೋಡುತ್ತೇನೆ, ಆಮೇಲೆ ಬಾಗಿಲು ಎಲ್ಲಿದೆ ಎಂದು. ಜೊತೆಯಲ್ಲಿದ್ದವರಿಗೆ ಗೊತ್ತಾಗುವುದಿಲ್ಲ. ಮಾತು ಮುಂದುವರಿಸಿರುತ್ತೇನೆ. ಮನಸ್ಸು ಮಾತ್ರ ಜಯನಗರದ ಆ ಮನೆಯ ಹಿತ್ತಿಲಿಗೆ ಹೋಗಿ ನಿಂತಿರುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಮುಗಿಸಿ, ಮದುವೆಯಾಗಿ, ಬಸವನಗುಡಿಯಿಂದ ಜಯನಗರಕ್ಕೆ ಬಂದಿದ್ದೆ. ಮಾವನವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಕಟ್ಟಿಸಿದ ಮನೆ ಅದು. ಸುತ್ತ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮನೆಯಲ್ಲಿ ಐದು ಜನ: ಅತ್ತೆ, ಮಾವ, ನನ್ನ ಗಂಡ, ಕಾಲೇಜಿಗೆ ಹೋಗುತ್ತಿದ್ದ ನಾದಿನಿ, ಮತ್ತು ನಾನು. ನಾನು ಹೊಸಬಳು. ಮಾವನವರು ಹಜಾರಕ್ಕೆ ಬಂದರೆ ಕುರ್ಚಿಯಿಂದ ಎದ್ದು ಒಳಗೆ ಹೋಗುತ್ತಿದ್ದೆ. ಅವರಿಗೆ ಏನಾದರೂ ಹೇಳಬೇಕಾದರೆ ಅತ್ತೆಯ ಮೂಲಕ ಹೇಳುತ್ತಿದ್ದೆ. ಕಾಫಿ ಲೋಟವನ್ನೂ ಕೈಗೆ ಕೊಡುತ್ತಿರಲಿಲ್ಲ, ಪಕ್ಕದ ಸ್ಟೂಲಿನ ಮೇಲಿಡುತ್ತಿದ್ದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ನಮ್ಮಮ್ಮ ಅವರ ಮಾವನ ಜೊತೆ ಹಾಗೇ ಇದ್ದರು, ನಾನೂ ಹಾಗೇ ಇದ್ದೆ.

ಅತ್ತೆಗೆ ಜೇನುಮೇಣ ಇಲ್ಲದೆ ಮನೆ ನಡೆಯುತ್ತಿರಲಿಲ್ಲ. ಹೊಸಕೆರೆಹಳ್ಳಿ ಕಡೆಯ ತೋಪುಗಳಿಂದ ಒಬ್ಬ ಜೇನುತುಪ್ಪ ಮಾರಲು ಬರುತ್ತಿದ್ದ. ಬೀದಿಯವರೆಲ್ಲ ತುಪ್ಪ ಕೊಂಡರೆ ಅತ್ತೆ ಹಿಂಡಿ ಬಿಟ್ಟ ಗೂಡನ್ನೂ ಕೇಳಿ ತೆಗೆದುಕೊಳ್ಳುತ್ತಿದ್ದರು. ಅದನ್ನು ನೀರಿನಲ್ಲಿ ಕುದಿಸಿ, ಹಳೇ ಪಂಚೆಯ ತುಂಡಿನಲ್ಲಿ ಶೋಧಿಸಿ, ಆರಲು ಬಿಟ್ಟರೆ ಮೇಣ ಮೇಲೆ ಬಿಲ್ಲೆಯಾಗಿ ನಿಲ್ಲುತ್ತಿತ್ತು. ಹಳದಿ ಬಿಲ್ಲೆ. ಅಂಚಿನಲ್ಲಿ ಕಪ್ಪು ಕಸ ಇದ್ದರೆ ಚಾಕುವಿನಿಂದ ಹೆರೆದು ಹಾಕುತ್ತಿದ್ದರು.

ಅದರಲ್ಲಿ ಒಂದು ಚೂರಿಗೆ ಕೊಬ್ಬರಿ ಎಣ್ಣೆ ಸೇರಿಸಿ ಕರಗಿಸಿ ಪುಟ್ಟ ಬೆಳ್ಳಿ ಡಬ್ಬಿಗೆ ತುಂಬಿದರೆ ಅದು ಕುಂಕುಮಕ್ಕೆ. ಬೆಳಿಗ್ಗೆ ಸ್ನಾನವಾದ ಮೇಲೆ ಉಂಗುರದ ಬೆರಳಿನಲ್ಲಿ ಹಣೆಗೆ ಮೇಣ ಒತ್ತಿ, ಅದರ ಮೇಲೆ ಕುಂಕುಮ ಇಟ್ಟರೆ ರಾತ್ರಿಯವರೆಗೂ ಅಲ್ಲಾಡುತ್ತಿರಲಿಲ್ಲ. ಇನ್ನೊಂದು ಚೂರಿಗೆ ಹರಳೆಣ್ಣೆ ಹಾಕಿದರೆ ಅದು ಮಾವನವರ ಒಡೆದ ಹಿಮ್ಮಡಿಗೆ. ಹಾಸಿಗೆ ಹೊಲಿಯುವಾಗ ದಾರವನ್ನು ಬಿಲ್ಲೆಯ ಮೇಲೆ ಎಳೆದುಕೊಂಡರೆ ಗಂಟು ಬೀಳುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಒಂದು ಸಲ ಉಜ್ಜಿದರೆ ಗಂಜಿ ಹಾಕಿದ ಸೀರೆಯ ಮೇಲೂ ಜಾರಿಕೊಂಡು ಹೋಗುತ್ತದೆ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಮೇಣದಲ್ಲಿ ಅದ್ದಿದ ಬಟ್ಟೆ ಕಟ್ಟಿದರೆ ಇರುವೆ ಬರುವುದಿಲ್ಲ. ಇವೆಲ್ಲ ನಾನು ಆ ಮನೆಗೆ ಬಂದ ಮೇಲೆ ಕಲಿತದ್ದು. ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಇದು ಹೆಚ್ಚು ದಿನ ಉಪಯೋಗಕ್ಕೆ ಬಂತು.

ಆದರೆ ಮೇಣ ಅಡುಗೆಮನೆಗೆ ಬರುವ ಹಾಗಿರಲಿಲ್ಲ. ಜೇನುತುಪ್ಪ ದೇವರ ಅಭಿಷೇಕಕ್ಕೆ ಆಗುತ್ತದೆ, ಅದೇ ಗೂಡಿನ ಮೇಣ ಒಲೆಯ ಹತ್ತಿರ ಸುಳಿಯಬಾರದು. ನಾನು ಒಂದು ಸಲ ಕೇಳಿದೆ.

"ಹುಳ ಸತ್ತಿರತ್ತೆ ಕಣೇ ಅದರಲ್ಲಿ. ಮಡಿ ಒಲೆ ಮೇಲೆ ಅದನ್ನ ಇಡ್ತಾರಾ?"

"ತುಪ್ಪದಲ್ಲಿ ಸತ್ತಿರಲ್ವಾ ಅತ್ತೆ?"

"ಬಿ.ಎ. ಓದಿದವಳ ಹತ್ರ ನಾನು ವಾದ ಮಾಡಲ್ಲಮ್ಮ. ಬಚ್ಚಲಲ್ಲಿ ಕರಗ್ಸು, ಮುಗೀತು."

ಹಾಗಾಗಿ ಮೇಣದ ಕೆಲಸವೆಲ್ಲ ಬಚ್ಚಲುಮನೆಯಲ್ಲಿ. ಅಲ್ಲಿ ಸ್ನಾನದ ನೀರಿಗೆ ತಾಮ್ರದ ಹಂಡೆ, ಅದರ ಕೆಳಗೆ ಸೌದೆ ಒಲೆ, ಪಕ್ಕದಲ್ಲಿ ತಣ್ಣೀರಿನ ಸಿಮೆಂಟಿನ ತೊಟ್ಟಿ. ಕುಂಕುಮದ ಮೇಣವಾದರೆ ಒಂದು ಬಟ್ಟಲಿನಷ್ಟು. ಕುದಿಯುವ ನೀರನ್ನು ಬೋಗುಣಿಗೆ ತೋಡಿಕೊಂಡು ಬಟ್ಟಲನ್ನು ಅದರಲ್ಲಿ ತೇಲಿಬಿಟ್ಟರೆ ಸಾಕು, ತಾನೇ ಕರಗುತ್ತಿತ್ತು. ಬೆಂಕಿ ತಾಕುವ ಮಾತೇ ಇರಲಿಲ್ಲ.

ಆ ವರ್ಷ ನಾದಿನಿ ಹೊಸ ಸುದ್ದಿ ತಂದಳು.

"ಅಮ್ಮಾ, ನನ್ನ ಫ್ರೆಂಡ್ ಮನೇಲಿ ನೆಲ ನೋಡ್ಬೇಕು ನೀನು. ನಮ್ಮ ಥರಾನೇ ಕೆಂಪು ನೆಲ. ಬಗ್ಗಿದ್ರೆ ಮುಖ ಕಾಣತ್ತೆ."

"ಯಾಕೆ, ಅವರ ಮನೇಲಿ ಕನ್ನಡಿ ಇಲ್ವೇನೇ?"

"ತಮಾಷೆ ಅಲ್ಲಮ್ಮ. ಜೇನುಮೇಣ ಕರಗಿಸಿ, ಕೆಳಗಿಳಿಸಿ, ಟರ್ಪೆಂಟೈನ್ ಎಣ್ಣೆ ಸೇರಿಸಿ ಉಜ್ಜುತಾರಂತೆ."

ಅತ್ತೆ ನಕ್ಕು ಸುಮ್ಮನಾದರೂ ಮನಸ್ಸಿಗೆ ಹಿಡಿಸಿತ್ತು. ಶ್ರಾವಣ ಹತ್ತಿರ ಬಂದಿತ್ತು. ವರಮಹಾಲಕ್ಷ್ಮಿ ವ್ರತಕ್ಕೆ ಬೀದಿಯ ಮುತ್ತೈದೆಯರೆಲ್ಲ ಬರುತ್ತಾರೆ. ಹೊಸ ಮನೆ, ಹೊಸ ಸೊಸೆ, ನೆಲವೂ ಹೊಳೆಯಲಿ ಎಂದು ಅವರಿಗೆ ಆಸೆ. ವರ್ಷವೆಲ್ಲ ಕೂಡಿಟ್ಟ ಬಿಲ್ಲೆಗಳನ್ನು ತೆಗೆದರು.

ಅದು ಆಷಾಢ. ಮೊದಲ ಆಷಾಢವನ್ನು ನಾನು ಪದ್ಧತಿಯಂತೆ ತವರಿನಲ್ಲಿ ಕಳೆದಿದ್ದೆ, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು. ಇದು ಎರಡನೆಯದು, ಅಡ್ಡಿಯಿರಲಿಲ್ಲ. ಆದರೆ ಗಾಳಿ. ಖಾಲಿ ಸೈಟುಗಳ ಮೇಲಿಂದ ಬೀಸಿ ಬರುವ ಗಾಳಿಗೆ ಹಿತ್ತಿಲಲ್ಲಿ ಒಣಹಾಕಿದ ಸೀರೆ ಬೇಲಿಯಾಚೆ ಹೋಗುತ್ತಿತ್ತು.

ಮೊದಲ ಸಲ ಅತ್ತೆ ಹೇಳಿಸಿಕೊಂಡ ಹಾಗೇ ಮಾಡಿದರು. ಹಳೇ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಮೇಣ ಹಾಕಿ, ಒಲೆಯ ಬಾಯಿಗೆ ಎಳೆದ ಕೆಂಡದ ಮೇಲೆ ಕರಗಿಸಿ, ಡಬ್ಬಿಯನ್ನು ಹಿತ್ತಿಲಿಗೆ ತಂದು ಟರ್ಪೆಂಟೈನ್ ಹುಯ್ದರು. ಗಾಳಿಗೆ ಡಬ್ಬಿ ತಣ್ಣಗಾಗಿ ಮೇಣ ಗಂಟುಗಂಟಾಗಿ ನಿಂತಿತು. ಅದನ್ನೇ ಹಜಾರದ ಮೂಲೆಯಲ್ಲಿ ಉಜ್ಜಿದ್ದಾಯಿತು. ಮಾವನವರು ಪೇಪರ್ ಕೆಳಗಿಳಿಸಿ ನೋಡಿದರು.

"ಏನೇ ಇದು, ನೆಲವೋ ಉಪ್ಪಿಟ್ಟೋ?"

"ನೀವು ಕಾಲು ಮೇಲಕ್ಕೆತ್ತಿ ಕೂತ್ಕೊಳಿ, ತಿನ್ನಕ್ಕೇನೂ ಕೊಡ್ತಿಲ್ಲ" ಎಂದರು ಅತ್ತೆ. ಆದರೆ ಮುಖ ಸಣ್ಣದಾಗಿತ್ತು.

ಮಾರನೆಯ ದಿನ ಬೆಳಿಗ್ಗೆ, ಎಲ್ಲರ ಸ್ನಾನ ಮುಗಿದ ಮೇಲೆ, ಅತ್ತೆ ಮತ್ತೆ ಡಬ್ಬಿ ಹಿಡಿದು ಬಚ್ಚಲಿಗೆ ಹೋದರು. ನನ್ನ ಗಂಡ ಆಫೀಸಿಗೆ ಹೋಗಿಯಾಗಿತ್ತು. ನಾದಿನಿ ಜಡೆ ಹೆಣೆದುಕೊಳ್ಳುತ್ತಿದ್ದಳು. ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ.

"ಈ ಸಲ ಹೊರಗೆ ತರಲ್ಲ" ಎಂದು ಅತ್ತೆ ನನಗೆ ಹೇಳಿದರು. "ಒಳಗೇ ಬಿಸಿ ಇರುವಾಗಲೇ ಸೇರಿಸ್ತೀನಿ, ಹೇಗೆ ಗಂಟು ಕಟ್ಟತ್ತೋ ನೋಡೇಬಿಡ್ತೀನಿ."

ಬಾಗಿಲು ಮುಚ್ಚಿದರು. ಗಾಳಿಗೆ ಅದು ಪಟಾರೆಂದು ತೆರೆದುಕೊಂಡಿತು. ಮತ್ತೆ ಮುಚ್ಚಿದರು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ಅದಾದ ಮೇಲೆ ಎಷ್ಟು ಹೊತ್ತು ಹೋಯಿತು ಎಂದು ಬಹಳ ಜನ ಕೇಳಿದ್ದಾರೆ. ನನಗೆ ಗೊತ್ತಿಲ್ಲ. ಒಂದು ಪಂಚೆ ಹರವಿದ್ದೆ, ಇನ್ನೊಂದನ್ನು ಹಿಂಡುತ್ತಿದ್ದೆ. ಬಚ್ಚಲಿನ ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟ ಸಿಮೆಂಟಿನ ಜಾಲಂಧ್ರ ಇತ್ತು. ಅದು ಯಾವಾಗಲೂ ಕಪ್ಪಗೆ ಕಾಣುತ್ತಿತ್ತು. ಅಂದು ಅದರ ತೂತುಗಳೆಲ್ಲ ಒಮ್ಮೆಲೇ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಯಾರೋ ಒಳಗೆ ದೀಪ ಹಚ್ಚಿದ ಹಾಗೆ, ಅಷ್ಟೇ. ನನಗೆ ಚೆಂದವೆನ್ನಿಸಿತು. ಆ ಕ್ಷಣ ಹಾಗನ್ನಿಸಿದ್ದು ಈಗಲೂ ನನ್ನನ್ನು ಹೆದರಿಸುತ್ತದೆ.

ಆಮೇಲೆ ಅತ್ತೆ "ಅಯ್ಯೋ" ಎಂದರು, ಜೋರಾಗಿ ಅಲ್ಲ, ಹಾಲು ಉಕ್ಕಿದಾಗ ಹೇಳುವ ಹಾಗೆ. ಚೊಂಬು ತೊಟ್ಟಿಗೆ ತಗುಲಿದ ಸದ್ದು ಬಂತು. ನೀರು ತೆಗೆದುಕೊಂಡರು ಎಂದು ನನಗೆ ಹೊರಗಿನಿಂದಲೇ ಗೊತ್ತಾಯಿತು. ಕೈಗೆಟುಕುವಷ್ಟು ದೂರದಲ್ಲಿ ತೊಟ್ಟಿ ತುಂಬ ನೀರು, ಎದುರಿಗೆ ಬೆಂಕಿ. ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಟರ್ಪೆಂಟೈನಿನ ಆವಿ ಕೆಂಡಕ್ಕೆ ತಗುಲಿದರೆ, ಉರಿಯುವ ಮೇಣಕ್ಕೆ ನೀರು ಬಿದ್ದರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಸದ್ದನ್ನು ಬರೆಯುವುದು ಕಷ್ಟ. ಸಿಡಿದ ಸದ್ದಲ್ಲ. ದೊಡ್ಡ ಕಂಬಳಿಯನ್ನು ಒಮ್ಮೆಲೇ ಕೊಡವಿದ ಹಾಗೆ. ಜಾಲಂಧ್ರದಿಂದ ಬೆಂಕಿಯೇ ಹೊರಗೆ ನಾಲಿಗೆ ಚಾಚಿತು, ಹಿಂದೆಯೇ ಕಪ್ಪು ಹೊಗೆ. ಈ ಸಲ ಅತ್ತೆಯ ಕೂಗು ಬೇರೆಯದಾಗಿತ್ತು.

ನಾನು ಓಡಿ ಬಾಗಿಲು ನೂಕಿದೆ. ನಾದಿನಿ ಅರ್ಧ ಹೆಣೆದ ಜಡೆಯಲ್ಲೇ ಬಂದು ನನ್ನ ಜೊತೆ ನೂಕಿದಳು. "ಅಮ್ಮಾ, ಚಿಲಕ ತೆಗಿಯಮ್ಮಾ! ಅಮ್ಮಾ!" ಎಂದು ಒಂದೇ ಸಮನೆ ಕಿರುಚುತ್ತಿದ್ದಳು. ಮಾವನವರು ಬಂದರು. ನಮ್ಮಿಬ್ಬರನ್ನೂ ಸರಿಸಿ ಭುಜ ಕೊಟ್ಟು ಬಾಗಿಲಿಗೆ ಬಿದ್ದರು. ಒಂದು ಸಲ, ಮತ್ತೊಂದು ಸಲ, ಆಮೇಲೆ ಭುಜ ತೆಗೆಯದೆ ಒತ್ತಿ ನಿಂತರು. ಭಾರದ ಆಳು. ಹೊಸ ಮನೆಯ ಗಟ್ಟಿ ಬಾಗಿಲು. ಎರಡೂ ಸೋಲಲಿಲ್ಲ. ಬಾಗಿಲ ಕೆಳಗಿನಿಂದ ನೀರು ಹರಿದು ಬರುತ್ತಿತ್ತು. ಅದರ ಮೇಲೆ ಪುಟ್ಟ ಪುಟ್ಟ ಬೆಂಕಿಗಳು ತೇಲಿಕೊಂಡು ಬಂದು ಅವರ ಕಾಲ ಹತ್ತಿರ ಆರುತ್ತಿದ್ದವು.

ಆಗ ಒಳಗಿನಿಂದ ಅತ್ತೆ ಏನೋ ಹೇಳಿದರು. ಮಗಳ ಕಿರುಚಾಟದಲ್ಲಿ ಮಾವನವರಿಗೆ ಕೇಳಿಸಲಿಲ್ಲ. ನಾನು ಬಾಗಿಲ ಸಂದಿಗೆ ಕಿವಿಯಿಟ್ಟಿದ್ದೆ.

"ಬಿಡ್ರೀ... ನೂಕಬೇಡ್ರೀ... ಬರ್ತಿಲ್ಲ..."

ಆ ಬಾಗಿಲು ಒಳಗಡೆಗೆ ತೆರೆಯುವಂಥದು. ಮಳೆಗಾಲದಲ್ಲಿ ಮರ ಊದಿಕೊಂಡರೆ ಒಳಗಿದ್ದವರು ಮೊಣಕಾಲಿನಿಂದ ಬಾಗಿಲನ್ನು ಹೊರಕ್ಕೆ ಒತ್ತಿಕೊಂಡೇ ಚಿಲಕ ಸರಿಸಬೇಕಿತ್ತು. ಮನೆಯವರೆಲ್ಲ ದಿನಾ ಬೆಳಿಗ್ಗೆ ಅದನ್ನೇ ಮಾಡುತ್ತಿದ್ದೆವು. ಈಗ ಅತ್ತೆ ಒಳಗಿನಿಂದ ಹೊರಕ್ಕೆ ಒತ್ತುತ್ತಿದ್ದರು, ಮಾವನವರು ಹೊರಗಿನಿಂದ ಒಳಕ್ಕೆ. ಅವರ ಭಾರವೆಲ್ಲ ಚಿಲಕದ ಮೇಲೆ ಬಿದ್ದು ಅದು ಬಿಗಿದುಕೊಂಡಿತ್ತು. ಕಾಪಾಡಲು ಹೋಗಿ ನಾವೇ ಅವರನ್ನು ಒಳಗೆ ಹಿಡಿದಿದ್ದೆವು.

"ಮಾವಾ, ಬಿಡಿ" ಎಂದೆ. ನಾದಿನಿಯ ಕಿರುಚಾಟದಲ್ಲಿ ಅದೂ ಅವರಿಗೆ ಕೇಳಿಸಲಿಲ್ಲ. ಅದಕ್ಕೆ ಮುಂಚೆ ನಾನು ಅವರನ್ನು ನೇರವಾಗಿ ಹಾಗೆ ಕರೆದದ್ದು ನೆನಪಿಲ್ಲ. ಇನ್ನೊಂದು ಸಲ ಹೇಳಿದೆನೋ ಇಲ್ಲವೋ. ಎರಡೂ ಕೈಯಲ್ಲಿ ಅವರ ಜುಬ್ಬದ ತೋಳು ಹಿಡಿದು, ಕಾಲನ್ನು ಗೋಡೆಗೆ ಕೊಟ್ಟು, ಹಿಂದಕ್ಕೆ ಎಳೆದೆ. ಜುಬ್ಬ ಹರಿಯಿತು. ಅವರು ತತ್ತರಿಸಿ ನನ್ನ ಕಡೆ ತಿರುಗಿದರು. ಆ ಮುಖ ನಾನು ಎಂದೂ ನೋಡಿರಲಿಲ್ಲ. ಹೊಡೆಯುತ್ತಾರೆ ಎಂದುಕೊಂಡೆ. ಅವರ ಬೆನ್ನ ಹಿಂದೆ ಚಿಲಕ ಸರಿಯಿತು.

ಅತ್ತೆ ತಾವೇ ಹೊರಗೆ ಬಂದರು. ಸೆರಗು ಇರಲಿಲ್ಲ. ಮೈಯೆಲ್ಲ ನೀರು, ತಲೆಯ ಮೇಲೆ ತಾವೇ ಚೊಂಬಿನಿಂದ ಸುರಿದುಕೊಂಡಿದ್ದರು. ಮುಂದಲೆಯ ಕೂದಲು ಇರಲಿಲ್ಲ. ಎರಡೂ ಕೈಗಳ ಮೇಲೆ ಮೇಣ ಹೆಪ್ಪುಗಟ್ಟಿ ಹಳದಿ ಕೈಗವಸು ಹಾಕಿದ ಹಾಗಿತ್ತು. ಕಣ್ಣು ಮುಚ್ಚಿಕೊಂಡೇ, "ಒಲೇದು ಕೆಂಡ ಇನ್ನೂ ಇದೆ, ನೋಡ್ರೇ" ಎಂದು ಹೇಳಿ ನಾದಿನಿಯ ಮೇಲೆ ಒರಗಿದರು.

ಪಕ್ಕದ ಮನೆಯಾಕೆ ಇಂಕಿನ ಬಾಟಲಿ ಹಿಡಿದುಕೊಂಡು ಓಡಿ ಬಂದರು. ಸುಟ್ಟ ಗಾಯಕ್ಕೆ ಇಂಕು ಹಾಕುವುದು ಆಗ ಎಲ್ಲರಿಗೂ ಗೊತ್ತಿದ್ದ ಔಷಧಿ. ಕತ್ತಿಗೂ ಭುಜಕ್ಕೂ ನೀಲಿ ಇಂಕು ಸುರಿದರು. ಮಾವನವರು ಮೇಣವನ್ನು ಕಿತ್ತು ತೆಗೆಯಲು ಹೋದರು, ಅತ್ತೆ ಕೂಗಿದ್ದಕ್ಕೆ ಬಿಟ್ಟರು. ಎದುರು ಮನೆಯವರ ಕಾರಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಮಾವನವರ ಹರಿದ ಜುಬ್ಬದ ತೋಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಡಾಕ್ಟರು ಇಂಕು ನೋಡಿ ಬೈದರು. ಮೇಣ ಕೀಳದೆ ಇದ್ದದ್ದು ಒಳ್ಳೆಯದಾಯಿತು ಎಂದರು. ಬದುಕುತ್ತಾರಾ ಎಂದು ಮಾವನವರು ಕೇಳಿದಾಗ, "ಈಗಲೇ ಏನೂ ಹೇಳಕ್ಕಾಗಲ್ಲ. ಬದುಕಿದ್ರೆ ಕಣ್ಣಿನ ವಿಷಯ ಆಮೇಲೆ ನೋಡೋಣ" ಎಂದರು. ಆ ಮಾತು ಹೇಳಿದ ರೀತಿಯಲ್ಲಿ ಕ್ರೌರ್ಯ ಇರಲಿಲ್ಲ, ಆದರೆ ಮಾವನವರು ಗೋಡೆ ಹಿಡಿದುಕೊಂಡರು.

ಮುಂದಿನ ದಿನಗಳು ನನಗೆ ಸರಿಯಾದ ಕ್ರಮದಲ್ಲಿ ನೆನಪಿಲ್ಲ. ಜ್ವರ ಏರಿದ್ದು ನೆನಪಿದೆ. ಮುಖ ಊದಿಕೊಂಡು ಕಣ್ಣಿನ ರೆಪ್ಪೆಗಳು ಎರಡು ಗೆರೆಗಳಾಗಿದ್ದವು. ಮಂಚದ ಮೇಲೆ ಕಮಾನು ಇಟ್ಟು ಅದರ ಮೇಲೆ ಬಟ್ಟೆ ಹೊದಿಸಿದ್ದರು, ಮೈಗೆ ತಾಕದ ಹಾಗೆ. ಅತ್ತೆ ನರಳುತ್ತಿರಲಿಲ್ಲ. ಆಗಾಗ ಬಲ ಮೊಣಕಾಲು ಮಾತ್ರ ಮಡಚಿ ಗೋಡೆಯ ಕಡೆಗೆ ಒತ್ತುತ್ತಿದ್ದರು. ನರ್ಸ್ ಅದನ್ನು ನೋವೆಂದುಕೊಂಡು ಕಾಲು ನೀಡಿಸುತ್ತಿದ್ದಳು. ಅವರು ಇನ್ನೂ ಆ ಬಾಗಿಲನ್ನು ಹೊರಕ್ಕೆ ಒತ್ತುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಮಾವನವರಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಅವರು ಎದ್ದು ವರಾಂಡಕ್ಕೆ ಹೋಗುತ್ತಿದ್ದರು.

ನೋಡಲು ಬಂದ ಪಕ್ಕದ ಮನೆಯಾಕೆ ಬಾಗಿಲ ಹತ್ತಿರ ನಿಂತು ಇನ್ನೊಬ್ಬರಿಗೆ ಹೇಳಿದ್ದು ನನಗೆ ಕೇಳಿಸಿತು. "ಆಷಾಢದಲ್ಲಿ ಸೊಸೇನ ಮನೇಲಿ ಇಟ್ಕೋಬಾರದಿತ್ತು." ಮೊದಲನೆಯ ಆಷಾಢಕ್ಕೆ ಮಾತ್ರ ಆ ನಿಯಮ ಎಂದು ಆಕೆಗೂ ಗೊತ್ತಿತ್ತು. ಮುಚ್ಚಿದ ಕಣ್ಣಿನ ಅತ್ತೆ ಮಲಗಿದ್ದಲ್ಲಿಂದಲೇ, ಒಣಗಿದ ಬಾಯಲ್ಲಿ, ತಡೆದು ತಡೆದು ಹೇಳಿದರು:

"ಸೊಸೆ ಇಲ್ದೇ ಇದ್ದಿದ್ರೆ... ಈ ಶ್ರಾವಣಕ್ಕೆ ನೀವು... ನನ್ನ ತಿಥಿ ಊಟಕ್ಕೆ ಬರಬೇಕಿತ್ತು ಕಣ್ರೀ."

ಬೆಂಕಿಯ ದಿನದಿಂದ ಅವರು ಆಡಿದ ಮೊದಲ ಪೂರ್ತಿ ಮಾತು ಅದು. ಆಕೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ಮಾವನ್ನ ಎಳೆದು ಹಾಕಿದೆಯಂತೆ? ಜುಬ್ಬ ಹರಿದುಹೋಯ್ತಂತೆ?"

"ಹೌದು ಅತ್ತೆ."

"ಮದುವೆಯಾದಾಗಿನಿಂದ ನಾನು ಎಳೀಬೇಕು ಅಂತಿದ್ದೆ. ನೀನು ಬಂದ ಎರಡೇ ವರ್ಷಕ್ಕೆ ಎಳೆದುಬಿಟ್ಟೆ."

ನಗಲು ಹೋಗಿ ತುಟಿ ಸೀಳಿ ರಕ್ತ ಬಂತು. ನಾನು ಅಳುತ್ತಾ ಹತ್ತಿಯಿಂದ ಒರೆಸಿದೆ. ಬದುಕುತ್ತಾರೆ ಎಂದು ನನಗೆ ಅನ್ನಿಸಿದ್ದು ಆವತ್ತು. ಕಣ್ಣಿನ ಮಾತು ಇನ್ನೂ ಉಳಿದಿತ್ತು. ಊತ ಇಳಿದು ಬಲಗಣ್ಣು ತೆರೆದ ದಿನ ಅವರು ಮೊದಲು ಕಂಡದ್ದು ಮಾವನವರನ್ನು. "ಗಡ್ಡ ಮಾಡ್ಕೊಳ್ಳೋಕೇನಾಗಿತ್ತು ನಿಮಗೆ?" ಎಂದರು. ಮಾವನವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಎಡಗಣ್ಣಿನಲ್ಲಿ ಕೊನೆಯವರೆಗೂ ಮಬ್ಬು ಉಳಿಯಿತು. ಎಡಗೈಯ ಎರಡು ಬೆರಳು ಬಾಗಿಕೊಂಡು ಮತ್ತೆ ನೆಟ್ಟಗಾಗಲಿಲ್ಲ.

ಮನೆಗೆ ಬಂದ ಮೇಲೆ ಎಷ್ಟೋ ದಿನ ನಾನೂ ನಾದಿನಿಯೂ ಅವರಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದೆವು. ಅಷ್ಟರಲ್ಲಿ ಮಾವನವರು ಬಚ್ಚಲಿಗೆ ಸುಣ್ಣ ಬಳಿಸಿದ್ದರು. ಎರಡು ಕೋಟ್ ಬಳಿದರೂ ಜಾಲಂಧ್ರದ ಕೆಳಗೆ ಕಪ್ಪು ಮತ್ತೆ ಮೇಲೆದ್ದು ಬರುತ್ತಿತ್ತು. ಚಿಲಕವನ್ನು ಅವರೇ ಕೂತು ಸ್ಕ್ರೂ ಬಿಚ್ಚಿ ತೆಗೆದರು. ಯಾರಿಗೂ ಹೇಳಲಿಲ್ಲ. ಒಂದು ದಿನ ನೋಡಿದರೆ ಬಾಗಿಲಿನಲ್ಲಿ ನಾಲ್ಕು ತೂತುಗಳಿದ್ದವು.

ಹೊಸ ಚರ್ಮ ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ತಾವೇ ಸ್ನಾನ ಮಾಡುತ್ತೇನೆ ಎಂದರು. ನಾನು ನೀರು ಕಾಯಿಸಿ, ಒಲೆಯ ಕೆಂಡವೆಲ್ಲ ತೆಗೆದು ಹಿತ್ತಿಲಲ್ಲಿ ನೀರು ಹಾಕಿ ಆರಿಸಿ ಬಂದೆ. ಅವರು ಒಳಗೆ ಹೋದರು. ನಾನು ಹೊಸ್ತಿಲಲ್ಲೇ ನಿಂತೆ.

"ಬಾಗಿಲು ಮುಚ್ಚೇ. ಗಾಳಿ ಬಂದ್ರೆ ಮೈ ಉರಿಯತ್ತೆ."

"ನಾನು ಇಲ್ಲೇ ಇರ್ತೀನಿ ಅತ್ತೆ, ಆ ಕಡೆ ತಿರುಗಿ ನಿಂತ್ಕೋತೀನಿ."

"ಬೆಂದಿದ್ದು ನಾನು, ಭಯ ನಿನಗೆ! ಮುಚ್ಚು ಅಂದ್ರೆ ಮುಚ್ಚು."

ಮುಚ್ಚಿದೆ. ಚಿಲಕವಿಲ್ಲದ ಬಾಗಿಲು ಗಾಳಿಗೆ ನಿಲ್ಲುತ್ತಿರಲಿಲ್ಲ. ಹೊರಗಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆಗೆ ಎಳೆದುಕೊಂಡು ನಿಂತೆ. ಒಳಗೆ ಚೊಂಬು ತೊಟ್ಟಿಗೆ ತಗುಲಿತು.

"ಅತ್ತೆ?"

"ಏನೇ?"

"ಏನಿಲ್ಲ."

ನೀರು ಸುರಿದ ಸದ್ದು. ಮತ್ತೆ ಚೊಂಬು.

"ಅತ್ತೆ?"

"ಇದ್ದೀನಿ ಕಣೇ" ಎಂದರು ಅವರು. ಆಮೇಲೆ ನಾನು ಕೇಳದೆಯೇ, ಒಂದೊಂದು ಚೊಂಬು ಸುರಿದುಕೊಂಡಾಗಲೂ "ಇದ್ದೀನಿ" ಎಂದು ಹೇಳುತ್ತಾ ಹೋದರು.